ಜೋಳದ ಹಕ್ಕಿಯೂ ನನ್ನ ಮಾವನವರೂ

ನನಗೊಂದು ಚಟವಿದೆ. ತಂಬಾಕು ಅಲ್ಲ, ಇಸ್ಪೀಟು ಅಲ್ಲ, ನಾಟಕದವರ ಬೆನ್ನು ಹತ್ತಿ ಊರೂರು ತಿರುಗುವುದೂ ಅಲ್ಲ. ಇವುಗಳಲ್ಲಿ ಯಾವುದಾದರೂ ಒಂದು ಇದ್ದಿದ್ದರೆ ಬೈಲಹೊಂಗಲದ ಮಂದಿ ನಾಲ್ಕು ಮಾತು ಬೈದು ನನ್ನನ್ನು ನನ್ನ ಪಾಡಿಗೆ ಬಿಟ್ಟುಬಿಡುತ್ತಿದ್ದರು. ನನ್ನದು ಹಕ್ಕಿ ನೋಡುವ ಚಟ. ನವರಾತ್ರಿ ಮುಗಿದು ಬೆಳಗಿನ ಗಾಳಿ ತುಸು ತಣ್ಣಗಾಯಿತೆಂದರೆ ಸಾಕು, ಸಾಲಿ ಬಿಟ್ಟ ಕೂಡಲೇ ಮಾಮಲೇದಾರ ಕಚೇರಿಯ ಮುಂದಿನ ತೋಟಕ್ಕೆ ಹೋಗಿ ದೊಡ್ಡ ಬಸರಿ ಗಿಡದ ಕೆಳಗೆ ನಿಂತು, ಮೋರೆ ಮೇಲೆ ಮಾಡಿ, ಮಬ್ಬುಗತ್ತಲಾಗುವ ತನಕ ನಿಂತೇ ಇರುತ್ತೇನೆ. ಒಬ್ಬ ಗೃಹಸ್ಥ, ಎರಡು ಮಕ್ಕಳ ತಂದೆ, ಸರಕಾರದ ಸಂಬಳ ತಿನ್ನುವ ಕನ್ನಡ ಸಾಲಿ ಮಾಸ್ತರ, ಹೀಗೆ ಬಾಯಿ ತೆರೆದು ಗಿಡದ ಕೆಳಗೆ ನಿಂತರೆ ಊರಿಗೆ ಏನನ್ನಿಸಬೇಕು ಹೇಳಿ.

ಏನೇನೋ ಅನ್ನಿಸಿತು. ಮೊದಲನೆಯ ವರ್ಷ ಕಚೇರಿಯ ಕಾರಕೂನರೊಬ್ಬರು ನನಗೆ ಕುತ್ತಿಗೆ ಹಿಡಿದಿದೆ ಎಂದು ತಿಳಿದು ಒಂದು ಸೀಸೆ ಎಣ್ಣೆ ಕಳಿಸಿಕೊಟ್ಟರು. ಎರಡನೆಯ ವರ್ಷ ತೋಟದ ಮಾಳಿ, ನಾನು ಜೇನುಹುಟ್ಟಿನ ಮೇಲೆ ಕಣ್ಣಿಟ್ಟಿದ್ದೇನೆಂದು ಅನುಮಾನ ಪಟ್ಟು, ನನ್ನ ಮೇಲೆ ಕಣ್ಣಿಟ್ಟ. ಮೂರನೆಯ ವರ್ಷದ ಹೊತ್ತಿಗೆ ಎಲ್ಲರಿಗೂ ಬೇಸರ ಬಂತು. "ಮಾಸ್ತರ ಇನ್ನೂ ನಿಂತಾರೇನು?" "ನಿಂತಾರ." "ಹಂಗಾರ ದೀಪಾ ಹಚ್ಚೂ ಹೊತ್ತು ಆಗಿಲ್ಲ ಬಿಡು." ಹೀಗೆ ಕಚೇರಿಯ ಪಟ್ಟೇವಾಲರು ನನ್ನನ್ನು ನೋಡಿ ಹೊತ್ತು ತಿಳಿಯತೊಡಗಿದರು. ಊರಿಗೆ ಇಷ್ಟಾದರೂ ಉಪಯೋಗವಾದೆನಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಈ ಚಟ ಅಂಟಿದ್ದು ಪ್ಲೇಗಿನ ವರ್ಷ. ಊರೆಲ್ಲ ಮನೆಗೆ ಕೀಲಿ ಹಾಕಿ ಹೊರಗೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಸಾಲಿ ಇಲ್ಲ, ಸಂತೆ ಇಲ್ಲ, ಓದಲು ಒಂದು ಪುಸ್ತಕವಿಲ್ಲ, ಹೆದರುವುದೊಂದೇ ಕೆಲಸ. ಆ ಕೆಲಸವನ್ನಾದರೂ ಮನುಷ್ಯ ಎಷ್ಟು ದಿನ ಮಾಡಿಯಾನು? ಹೆದರಿ ಹೆದರಿ ಬೇಸತ್ತು ಒಂದು ಸಂಜೆ ಸುಮ್ಮನೆ ಮೇಲೆ ನೋಡಿದೆ. ಜೋಳದ ಹಕ್ಕಿಗಳು ಹೋಗುತ್ತಿದ್ದವು. ಅವತ್ತಿನಿಂದ ನೋಡುತ್ತಲೇ ಇದ್ದೇನೆ.

ಜೋಳದ ಹಕ್ಕಿ ಎಂದರೆ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ. ಮರಾಠಿಯವರು ಭೋರಡಿ ಅನ್ನುತ್ತಾರೆ. ಗಾತ್ರ ಗೊರವಂಕದಷ್ಟು. ತಲೆ, ರೆಕ್ಕೆ, ಬಾಲ ಎಲ್ಲ ಕರಿ. ನಡುವಿನ ಮೈ ಮಾತ್ರ ತೆಳು ಗುಲಾಬಿ. ಓಕುಳಿ ಬಿದ್ದ ಧೋತರವನ್ನು ಎರಡು ಸಲ ಒಗೆದ ಮೇಲೂ ಒಂದು ಬಣ್ಣ ಉಳಿಯುತ್ತದಲ್ಲ, ಅದೇ ಗುಲಾಬಿ. ಮರಿಗಳಿಗೆ ಆ ಬಣ್ಣವೂ ಇಲ್ಲ, ಬರೀ ಮಣ್ಣಿನ ಬಣ್ಣ. ಸಂಜೆ ಹೊತ್ತು ದೂರದಲ್ಲಿ ಹೊಗೆ ಎದ್ದಂತೆ ಕಾಣುತ್ತದೆ. ಆ ಹೊಗೆ ತಿರುಗುತ್ತದೆ, ಮಡಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ, ನೋಡನೋಡುತ್ತ ತಲೆಯ ಮೇಲೆ ಬಂದು ಸಾವಿರ ಹಕ್ಕಿಗಳಾಗಿ ಬಸರಿ ಗಿಡದ ಮೇಲೆ ಬಿದ್ದುಬಿಡುತ್ತದೆ. ಆಮೇಲೆ ಶುರು ನೋಡಿ ಜಗಳ! ಯಾವ ಟೊಂಗೆ ಯಾರಿಗೆ, ಯಾರು ಯಾರನ್ನು ಸರಿಸಿದರು, ನೀ ಯಾಕೆ ಸರಿದೆ. ಮದುವೆ ಮನೆಯ ಕೊನೆಯ ಪಂಕ್ತಿಯಲ್ಲೂ ಇಷ್ಟು ಗದ್ದಲ ಇರುವುದಿಲ್ಲ.

ಇವು ಎಲ್ಲಿಂದ ಬರುತ್ತವೆ? ನಮ್ಮ ಸಾಲಿ ತಪಾಸಣೆಗೆ ಬಂದ ಸಾಹೇಬರನ್ನು ಕೇಳಿದೆ. ಅವರು ಬಡಗಣ ದಿಕ್ಕಿಗೆ ಕೈ ಮಾಡಿ "ದೂರ" ಎಂದರು. ಅಷ್ಟು ನನಗೂ ಗೊತ್ತಿತ್ತು. ಕೊನೆಗೆ ಸರಿಯಾದ ಉತ್ತರ ಕೊಟ್ಟವನು ಚಳಿಗಾಲದಲ್ಲಿ ಇಂಗು, ಒಣದ್ರಾಕ್ಷಿ ಮಾರಲು ಬರುವ ಒಬ್ಬ ಕಾಬೂಲಿ ಪಠಾಣ. ತೋಟದ ಕಟ್ಟೆಯ ಮೇಲೆ ಗಂಟು ಇಳಿಸಿ ಕುಳಿತಿದ್ದ. ಹಕ್ಕಿ ತೋರಿಸಿದೆ. ಬಹಳ ಹೊತ್ತು ನೋಡಿದ. ಆಮೇಲೆ ಅವನ ದೊಡ್ಡ ಮುಖವೆಲ್ಲ ನಗೆಯಾಯಿತು. ತಮ್ಮೂರಲ್ಲೂ ಇವು ಇವೆ, ಬೇಸಗೆಗೆ ಬಂದು ಹಿಪ್ಪುನೇರಳೆ ಹಣ್ಣು ಪೂರಾ ತಿಂದುಹಾಕುತ್ತವೆ, ತನ್ನ ಅಪ್ಪ ಕಲ್ಲು ಹೊಡೆಯುತ್ತಾನೆ ಎಂದ. ಅಪ್ಪನ ಕಲ್ಲು ನೆನೆದು ಅವನಿಗೆ ಊರು ನೆನಪಾಯಿತೇನೋ, ಎದ್ದು ಹೋಗುವಾಗ ಒಂದು ಹಿಡಿ ದ್ರಾಕ್ಷಿ ಪುಕ್ಕಟೆ ಕೊಟ್ಟು ಹೋದ. ಅಂತೂ ಎಲ್ಲಿಂದ ಎಲ್ಲಿಗೆ ಹೋದರೂ ಈ ಹಕ್ಕಿಗೆ ಸಿಗುವುದು ಕಲ್ಲೇ.

ನಮ್ಮ ಹಳೆಯ ಕವಿಗಳೂ ಇದರ ಕಡೆ ನೋಡಲಿಲ್ಲ. ಹಂಸ, ಚಕ್ರವಾಕ, ಚಕೋರ ಎಂದು ಪುಟಗಟ್ಟಲೆ ಬರೆದರು. ಚಕೋರ ಬೆಳದಿಂಗಳು ತಿಂದು ಬದುಕುತ್ತದಂತೆ. ಬೆಳದಿಂಗಳು ತಿನ್ನುವ ಹಕ್ಕಿಯನ್ನು ಹೊಗಳಲಿಕ್ಕೇನು, ಯಾರ ಗಂಟು ಹೋಯಿತು? ಜೋಳ ತಿನ್ನುವ ಹಕ್ಕಿಯನ್ನು ಹೊಗಳಲು ಎದೆಗಾರಿಕೆ ಬೇಕು. ಅದರಲ್ಲೂ ನನ್ನ ಹಾಗೆ ಒಕ್ಕಲಿಗರ ಮನೆಯ ಅಳಿಯನಾದವನಿಗೆ.

ನನ್ನ ಮಾವನವರು, ನನ್ನ ಹೆಂಡತಿ ನೀಲವ್ವನ ತಂದೆ ಬಸಲಿಂಗಪ್ಪನವರು, ಇಲ್ಲಿಂದ ಮೂರು ಹರದಾರಿಯ ದೊಡವಾಡದವರು. ಎರೆ ಹೊಲ, ಹಿಂಗಾರಿ ಬಿಳಿಜೋಳ. ಆ ಹೊಲದಲ್ಲಿ ಬನ್ನಿ ಗಿಡದ ಬದಿಗೆ ಒಂದು ಪಟ್ಟಿಯನ್ನು ಅವರು ಬೀಜಕ್ಕೆಂದೇ ಬಿಡುತ್ತಾರೆ. ಸುತ್ತ ಏಳೂರಿನವರು ಬಿತ್ತುವುದು ಆ ಬೀಜವನ್ನೇ. ಮಳೆ ಕೈಕೊಟ್ಟೀತು, ಆದರೆ ಬಸಲಿಂಗಪ್ಪ ಆರಿಸಿದ ಬೀಜ ಕೈಕೊಡುವುದಿಲ್ಲ ಎಂದು ಅವರೆಲ್ಲರ ನಂಬಿಕೆ. ಆ ನಂಬಿಕೆಯೇ ಆ ಮನುಷ್ಯನ ಆಸ್ತಿ. ಇಂಥವರು ಮಗಳನ್ನು ಸಾಲಿ ಮಾಸ್ತರನಿಗೆ ಕೊಟ್ಟರು. ಕೊಟ್ಟದ್ದಕ್ಕೆ ಅವರು ಎಂದೂ ಗೊಣಗಲಿಲ್ಲ, ಬರೀ ಉಸಿರು ಬಿಟ್ಟರು. ಅಳಿಯನೆಂದರೆ ಅವರ ಲೆಕ್ಕದಲ್ಲಿ ಕುಂಟೆ ಹೊಡೆಯಬೇಕು, ಎತ್ತು ಪಳಗಿಸಬೇಕು. ನಾನು ಹೋದರೆ ಹೋಳಿಗೆ ಮಾಡಿಸುತ್ತಿದ್ದರು, ಕೈಗೆ ನೀರು ಕೊಡಿಸುತ್ತಿದ್ದರು, "ಆರಾಮ ಅದೀರೇನ್ರಿ ಮಾಸ್ತರ?" ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು. ಒಂದು ಸಲ, ಒಂದೇ ಒಂದು ಸಲ, ಈ ಮನುಷ್ಯನ ಉಪಯೋಗಕ್ಕೆ ಬರಬೇಕು ಎಂದು ನನಗೆ ಬಹಳ ಆಸೆಯಿತ್ತು.

ಆಸೆ ಮಿತಿಮೀರಿ ಒಮ್ಮೆ ಉಪದೇಶಕ್ಕೂ ಇಳಿದೆ. ಜೋಳದ ಹಕ್ಕಿಯನ್ನು ಹೊಡೆಯಬಾರದು, ಅದು ಮಿಡತೆ ತಿಂದು ರೈತನಿಗೆ ಉಪಕಾರ ಮಾಡುತ್ತದೆ ಎಂದು ಅರ್ಧ ತಾಸು ಹೇಳಿದೆ. ಪೂರಾ ಕೇಳಿಸಿಕೊಂಡು ಮಾವನವರು ಅಡಿಕೆ ಕತ್ತರಿಸುತ್ತ ಅಂದರು: "ಮಿಡತಿ ತಿಂದ ಬಾಯಿ ತೊಳಕೊಳ್ಳಾಕ ನನ್ನ ಜ್ವಾಳನ ಬೇಕೇನ್ರಿ ಅವಕ್ಕ?" ಆಮೇಲೆ ಎರಡು ವರ್ಷ ನಾನು ಅವರ ಮುಂದೆ ಹಕ್ಕಿಯ ಹೆಸರು ಎತ್ತಲಿಲ್ಲ.

ಇಂಥವರು, ನಾ ಹೇಳಹೊರಟ ಆ ವರ್ಷ, ತಾವಾಗಿಯೇ ತೋಟಕ್ಕೆ ಬಂದರು! ಸಂತೆಗೆ ಬಂದವರು ಚಕ್ಕಡಿಯನ್ನು ಕಚೇರಿಯ ಮುಂದೆ ನಿಲ್ಲಿಸಿ, ಆಳಿನ ಕೈ ಹಿಡಿದು ಇಳಿದು, ಬಸರಿ ಗಿಡದ ಕೆಳಗೆ ನನ್ನ ಮಗ್ಗುಲಲ್ಲಿ ನಿಂತರು. ನಿಂತು, ನನ್ನ ಹಾಗೆಯೇ ಮೋರೆ ಮೇಲೆ ಮಾಡಿದರು. ಮುಂದಿನ ಸಂತೆಗೂ ಬಂದರು. ಅದರ ಮುಂದಿನ ಸಂತೆಗೂ ಬಂದರು. ಕೇಳುವುದೇನು ಕೇಳುವುದು! "ಎಷ್ಟ ಬಂದಾವ್ರಿ ಇವತ್ತ?" "ಮರಿ ಭಾಳೋ, ದೊಡ್ಡವು ಭಾಳೋ?" "ಮುಂಜಾನೆ ಎದ್ದು ಯಾ ದಿಕ್ಕಿಗೆ ಹೋಗತಾವ?" ನನ್ನ ಜನ್ಮದಲ್ಲಿ ಒಬ್ಬರೂ ಕೇಳದ ಪ್ರಶ್ನೆಗಳು. ನಾನು ಹಿಗ್ಗಿ ಹೀರೇಕಾಯಿಯಾಗಿ ಎಲ್ಲಕ್ಕೂ ಉತ್ತರ ಕೊಟ್ಟೆ. ಅವರು ಕಣ್ಣು ಅರ್ಧ ಮುಚ್ಚಿ, ಗುಡಿಯಲ್ಲಿ ನಿಂತವರಂತೆ ನಿಂತು ಕೇಳುತ್ತಿದ್ದರು. ಹೊರಡುವಾಗ ನನ್ನ ಹೆಗಲ ಮೇಲೆ ಕೈ ಇಡುತ್ತಿದ್ದರು. ಪ್ರೀತಿ ಎಂದು ತಿಳಿದೆ.

ಮನೆಗೆ ಬಂದು ನೀಲವ್ವನಿಗೆ ಹೇಳಿದೆ: "ನಿಮ್ಮಪ್ಪ ನನ್ನ ಶಿಷ್ಯರಾದರು ನೋಡು."

ಆಕೆ ರೊಟ್ಟಿ ಬಡಿಯುತ್ತಿದ್ದಳು. "ಅಪ್ಪ ಹಕ್ಕಿ ನೋಡಾಕ ಬರತಾನೇನ್ರಿ? ಬ್ಯಾರೇ ಏನರ ಇರಬೇಕು."

"ನಿನಗ ಹೊಟ್ಟಿಕಿಚ್ಚು."

"ಹೌದ್ರಿ, ಹಕ್ಕಿ ಮ್ಯಾಲಿನ ಹೊಟ್ಟಿಕಿಚ್ಚು ನನಗ ಹೊಸಾದೇನಲ್ಲ" ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಡಿಸೆಂಬರ್ ಕೊನೆಗೆ, ನಾತಾಳದ ಸೂಟಿಯಲ್ಲಿ, ಸೀತನಿಗೆ ಕರೆ ಬಂತು. ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಹೊಲದಲ್ಲೇ ಕುಳ್ಳಿನ ಕೆಂಡದ ಮೇಲೆ ಸುಟ್ಟು, ಬಿಸಿಬಿಸಿಯಾಗಿ ಉಜ್ಜಿ, ಬೆಲ್ಲ, ಗುರೆಳ್ಳು ಚಟ್ನಿ ಹಚ್ಚಿ ತಿನ್ನುವ ಸೀತನಿಯ ರುಚಿಯನ್ನು ತಿನ್ನದವರಿಗೆ ಹೇಳುವುದು ಪಾಪ, ಆದ್ದರಿಂದ ಬಿಡುತ್ತೇನೆ. ನೀಲವ್ವ ಮತ್ತು ಮಕ್ಕಳು ಊರೊಳಗಿನ ಮನೆಯಲ್ಲಿ ಇಳಿದರು. ನಾನು ಮಾವನವರು ಹೊಲದಲ್ಲಿದ್ದಾರೆಂದು ತಿಳಿದು ನೆಟ್ಟಗೆ ಹೊಲಕ್ಕೆ ನಡೆದೆ.

ಬದುವಿನ ಮೇಲೆ ನಿಂತು ನೋಡಿದ ನೋಟವನ್ನು ನಾನು ಮರೆಯಲಾರೆ. ಹೊಲದ ನಡುವೆ ನಾಲ್ಕು ಗೂಟದ ಮೇಲೆ ಅಟ್ಟ. ಅಟ್ಟದ ಮೇಲೆ ಮಾವನವರು, ತೊಡೆಯ ಮೇಲೆ ಕವಣಿ, ಪಕ್ಕದಲ್ಲಿ ಕಲ್ಲಿನ ರಾಶಿ. ಅವರ ಕಣ್ಣೆದುರಿಗೇ ಬೀಜದ ಪಟ್ಟಿ. ಆ ಪಟ್ಟಿಯ ಮೇಲೆ, ತೆನೆಗೆ ಒಂದರಂತೆ, ಐದುನೂರಕ್ಕೆ ಕಡಿಮೆ ಇಲ್ಲದಷ್ಟು ಜೋಳದ ಹಕ್ಕಿ! ತಿನ್ನುವ ಭರದಲ್ಲಿ ಅವು ಮಾತು ಬಿಟ್ಟಿದ್ದವು. ಇದ್ದ ಸಪ್ಪಳವೆಲ್ಲ ಪಕ್ಕದ ಹೊಲದ ಬಾವಿಯಲ್ಲಿ ನೀರೆತ್ತುತ್ತ ಕಿರ್ರೋ ಎಂದು ಒದರುತ್ತಿದ್ದ ಕಪಿಲೆಯದು. ಎಳೆಬಿಸಿಲಿಗೆ ಬಿಳಿ ತೆನೆಯ ಮೇಲೆ ಆ ಗುಲಾಬಿ ಮೈಗಳು ತೂಗುತ್ತಿದ್ದವು. ಮಾವನವರು ಅವುಗಳ ಕಡೆಗೇ ಮುಖ ಮಾಡಿ, ಕೈ ಕೂಡ ಅಲುಗಿಸದೆ ಕುಳಿತಿದ್ದರು.

ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಈ ಮನುಷ್ಯ ಏಳೂರಿನ ಬೀಜವನ್ನು ಮರೆತು ಹಕ್ಕಿಯ ಚಂದಕ್ಕೆ ಸೋತು ಕುಳಿತಿದ್ದಾರೆ, ಮತ್ತು ಈ ಮಾಯೆ ಮಾಡಿದವನು ನಾನು! ಚಪ್ಪಲಿ ಕಳೆದು, ಸಪ್ಪಳವಾಗದಂತೆ ನಿಚ್ಚಣಿಕೆ ಏರಿ, ಅವರ ಪಕ್ಕದಲ್ಲಿ ಕುಳಿತು, ಪಿಸುಮಾತಿನಲ್ಲಿ ಕೇಳಿದೆ:

"ಎಷ್ಟ ಚಂದ ಅಲ್ಲರಿ, ಮಾವಾರ?"

ಅವರು ಬೆಚ್ಚಿದರು. "ಯಾರು, ಮಾಸ್ತರೇನು? ಯಾವಾಗ ಬಂದ್ರಿ? ಏನ ಚಂದ?"

"ಹಕ್ಕಿ ರೀ."

"ಎಲ್ಲಿ?"

ನಾನು ಬೆರಳು ಮಾಡಿ ತೋರಿಸಿದೆ. ಅವರು ನನ್ನ ಬೆರಳಿನ ಕಡೆ ನೋಡಲಿಲ್ಲ. ಮಾತು ಬಂದ ಕಡೆಗೆ ತಿರುಗಿದರು, ಅದೂ ನನ್ನ ಮುಖಕ್ಕಲ್ಲ, ಕಿವಿಯ ಹತ್ತಿರಕ್ಕೆ. ಆಗ ನೋಡಿದೆ ಅವರ ಕಣ್ಣನ್ನು. ಎರಡೂ ಕಪ್ಪುಗುಡ್ಡೆಯ ನಡುವೆ ಮಜ್ಜಿಗೆಯ ಹನಿಯಷ್ಟು ಬಿಳುಪು.

ಎದ್ದು ನಿಂತು ಹೋ ಎಂದು ಕೂಗಿದೆ. ಐದುನೂರು ಜೋಡಿ ರೆಕ್ಕೆ ಒಮ್ಮೆಲೇ ಬುರ್ರೆಂದವು. ಆ ಸಪ್ಪಳ ಕೇಳಿ ಮಾವನವರ ಮುಖ ಕಪ್ಪಿಟ್ಟಿತು. "ಬೀಜದ ಪಟ್ಟ್ಯಾಗ ಇದ್ವೇನ್ರಿ?" ಎಂದರು. "ಹೌದ್ರಿ" ಎಂದೆ. ಅವರು ತೊಡೆಯ ಮೇಲಿನ ಕವಣಿಯನ್ನು ತೆಗೆದು ಪಕ್ಕಕ್ಕಿಟ್ಟರು.

ಆಮೇಲೆ ಅವರೇ ಹೇಳಿದರು. "ಎರಡ ವರ್ಷಾತ್ರಿ ಕಣ್ಣಿಗೆ ಪರಿ ಬಂದು. ಮೊದಲ ಮಂಜು ಬಿದ್ದೈತಿ ಅಂತ ತಿಳಕೊಂಡಿದ್ದೆ. ಬ್ಯಾಸಗಿ ಬಂದ್ರೂ ಮಂಜು ಹೋಗಲಿಲ್ಲ. ಹೋದ ವರ್ಷ ಮಸಕ ಮಸಕ ಕಾಣತಿತ್ತು, ಹ್ಯಾಂಗರ ಮಾಡಿ ದಾಟಿಸಿದೆ. ಈ ವರ್ಷ ಬೆಳಕು, ಕತ್ತಲಿ, ಅಷ್ಟ. ಯಾರಿಗೂ ಹೇಳಿಲ್ಲ. ಕಣ್ಣಿಲ್ಲದಾಂವ ಆರಿಸಿದ ಬೀಜ ಯಾರ ಬಿತ್ತತಾರ, ಹೇಳ್ರಿ?"

ನನಗೆ ನಾಚಿಕೆಯಾಯಿತು. ಗಿಡದ ತುದಿಯಲ್ಲಿ ಕುಳಿತ ಹಕ್ಕಿ ಮರಿಯೋ ದೊಡ್ಡದೋ ಎಂದು ಕೆಳಗೆ ನಿಂತು ಹೇಳುವ ಜಾಣ ನಾನು. ಎರಡು ತಿಂಗಳು ನನ್ನ ಹೆಗಲಿಗೆ ಹೆಗಲು ಹಚ್ಚಿ ನಿಂತ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ ಎಂಬುದು ನನಗೆ ಕಾಣಲಿಲ್ಲ.

ಅಷ್ಟರಲ್ಲಿ ಅವರು ಕೇಳಿದರು: "ಬಂದ ಕೂಡಲೆ ಮೊದಲ ಯಾ ತೆನಿ ಮ್ಯಾಲ ಕುಂತ್ವು, ನೋಡಿದ್ರೇನು?"

"ಇಲ್ಲರಿ."

"ಮತ್ತೇನ ನೋಡಿದ್ರಿ?"

ಅವರು ಸಿಟ್ಟಿನಿಂದ ಕೇಳಲಿಲ್ಲ, ಆಶ್ಚರ್ಯದಿಂದ ಕೇಳಿದರು. ಯಾಕೆಂದರೆ ಅವರು ನಲವತ್ತು ವರ್ಷದಿಂದ ನೋಡುತ್ತಿದ್ದದ್ದು ಅದನ್ನೇ. ಸಾವಿರ ತೆನೆಯ ಹೊಲಕ್ಕೆ ಹಕ್ಕಿ ಇಳಿದಾಗ ಸಿಕ್ಕಲ್ಲಿ ಕುಳಿತುಕೊಳ್ಳುವುದಿಲ್ಲವಂತೆ. ಎಲ್ಲಕ್ಕಿಂತ ಮೊದಲು ಹಾಲು ತುಂಬಿದ, ಕಾಳು ಬಿಗಿದ ತೆನೆ ಯಾವುದೋ ಅದಕ್ಕೇ ಮೊದಲ ಕೊಕ್ಕು. ಮನುಷ್ಯನ ಕಣ್ಣಿಗೆ ಎಲ್ಲ ತೆನೆಯೂ ಒಂದೇ, ಹಕ್ಕಿಗೆ ಒಂದಲ್ಲ. ಆದ್ದರಿಂದ ಬಂದ ಹಕ್ಕಿಯನ್ನು ಒಮ್ಮೆಲೇ 'ಹೋ' ಎಂದು ಓಡಿಸಬಾರದು. ಕುಳ್ಳಿರಲು ಬಿಡಬೇಕು, ಎಲ್ಲಿ ಕುಳಿತವು ಎಂದು ಗುರುತು ಹಿಡಿಯಬೇಕು, ಆಮೇಲೆ ಕವಣಿ ಬೀಸಬೇಕು. ಹಕ್ಕಿ ಕುಟುಕಿದ ತೆನೆ ಹೋಯಿತು. ಅದರ ಆಚೆ ಈಚೆ ಅದರಂಥದೇ ತೆನೆ ಹುಡುಕಿ ಕೆಂಪು ದಾರ ಕಟ್ಟಿದರೆ ಅದೇ ಬೀಜ. ಈ ವರ್ಷ ದಾರ ಕಟ್ಟುವುದು ಹೇಗೆಂದು ತಿಳಿಯದೆ, ಹಕ್ಕಿಯ ಗದ್ದಲ ಕೇಳಿ ಎಷ್ಟಿವೆ, ತಮ್ಮ ಹೊಲದ ಕಡೆ ಬರುತ್ತವೆಯೋ ಎಂದಾದರೂ ತಿಳಿಯೋಣವೆಂದು, ಅವು ರಾತ್ರಿ ತಂಗುವ ತೋಟಕ್ಕೆ ಬರುತ್ತಿದ್ದರು. ನಾನು ನಾಲ್ಕು ವರ್ಷ ಹಕ್ಕಿ ನೋಡಿ ಗುರುವಾದೆನೆಂದು ಬೀಗಿದ್ದೆನಲ್ಲ, ನಾನು ಇನ್ನೂ ಒಂದನೆಯ ಇಯತ್ತೆಯಲ್ಲಿದ್ದೆ.

ಸೂಟಿಯ ಉಳಿದ ದಿನವೆಲ್ಲ ಆ ಅಟ್ಟದ ಮೇಲೆಯೇ ಕಳೆದೆ. ಸೂಟಿ ಮುಗಿದ ಮೇಲೆ ಪ್ರತಿ ಆದಿತ್ಯವಾರ ಹೋದೆ. ನಾನು ನೋಡುವುದು, ಅವರು ಬೀಸುವುದು. ಮೊದಲ ಕಲ್ಲು ನನ್ನ ರುಮಾಲನ್ನು ಸವರಿಕೊಂಡು ಹೋಯಿತು. ತಪ್ಪು ನನ್ನದೇ: "ಅಲ್ಲಿ ರೀ, ಅಲ್ಲಿ!" ಎಂದು ಕೂಗಿದ್ದೆ. ಕಣ್ಣಿಲ್ಲದವರಿಗೆ 'ಅಲ್ಲಿ' ಎಂದರೆ ಎಲ್ಲಿ? ಆಮೇಲೆ ಕಲಿತೆ. "ಬನ್ನಿ ಗಿಡದಿಂದ ಈಚೆ ಎಂಟು ಮಾರು, ಎಡಕ್ಕ ಎರಡು ಸಾಲು, ಈಗ ಸೂರ್ಯನ ಕಿರಣ ಅಲ್ಲಿ ಹ್ಯಾಂಗ ಬಿದ್ದಾವಂದ್ರ..." "ಮಾಸ್ತರ, ಪಾಠ ಬ್ಯಾಡ, ಜಾಗಾ ಅಷ್ಟ ಹೇಳ್ರಿ!" ಕವಣಿ ಸುಯ್ಯೆಂದು ತಿರುಗಿ ಕಲ್ಲು ಹೇಳಿದ ಜಾಗಕ್ಕೇ ಬೀಳುತ್ತಿತ್ತು. ಆ ತೋಳಿಗೆ ಹೊಲದ ಒಂದೊಂದು ಮಾರೂ ನೆನಪಿತ್ತು. ನನ್ನ ಪ್ರೀತಿಯ ಹಕ್ಕಿಗಳ ಮೇಲೆ ನಾನೇ ಚಾಡಿ ಹೇಳಿ ಕಲ್ಲು ಹೊಡೆಸುತ್ತಿದ್ದೇನಲ್ಲ ಎಂದು ಒಮ್ಮೊಮ್ಮೆ ಕೆಡುಕೆನಿಸುತ್ತಿತ್ತು. ಆದರೆ ನಿಜ ಹೇಳುತ್ತೇನೆ, ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ನಾನು ಹಕ್ಕಿ ನೋಡಿದ್ದಿಲ್ಲ.

ದಾರ ಕಟ್ಟುವುದರಲ್ಲಿ ಮೊದಮೊದಲು ಅತಿ ಮಾಡಿದೆ. ಚಂದ ಕಂಡ ತೆನೆಗೆಲ್ಲ ಕಟ್ಟಿ ಹೊಲವನ್ನು ಮದುವೆ ಚಪ್ಪರ ಮಾಡಿಬಿಟ್ಟೆ. ಮಾವನವರು ಸಾಲುಸಾಲು ನಡೆದು ಒಂದೊಂದೇ ತೆನೆಯನ್ನು ಬೆರಳಿನಿಂದ ಸವರಿ, "ಇದು ಜೊಳ್ಳು", "ಇದು ಬರೇ ಸೊಕ್ಕು" ಎನ್ನುತ್ತ ಅರ್ಧಕ್ಕರ್ಧ ದಾರ ಹರಿದುಹಾಕಿದರು. ಬುತ್ತಿ ತಂದ ನೀಲವ್ವ ಬದುವಿನ ಮೇಲೆ ನಿಂತು ಇದನ್ನು ನೋಡಿದಳು. ಊಟಕ್ಕೆ ಕುಳಿತಾಗ ರೊಟ್ಟಿಯನ್ನು ಅಪ್ಪನ ತಾಟಿಗೆ ಹಾಕದೆ ಅವರ ಕೈಯೊಳಗೆ ಇಟ್ಟಳು. ಆಕೆಗೆ ಯಾವಾಗ ತಿಳಿದಿತ್ತೋ ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕಣ್ಣು ಇರುವವರು ಒಬ್ಬರಾದರೂ ಇದ್ದಾರಲ್ಲ ಎಂದುಕೊಂಡೆ.

ರಾಶಿಯ ದಿನ ಬಂತು. ಏಳೂರಿನ ಹಿರಿಯರು ತಮ್ಮ ಮನೆಯ ಕಾಳು ತಂದು ಕಣದಲ್ಲಿ ಸುರಿದು, ಅಷ್ಟೇ ಅಳತೆಯ ಬೀಜ ಕಟ್ಟಿಕೊಂಡು ಹೋಗುವ ದಿನ ಅದು. ಬೀಜದ ರಾಶಿಯ ಮಗ್ಗುಲಲ್ಲಿ ಮಾವನವರು ಕುಳಿತಿದ್ದರು, ಹಿಂದೆ ನಾನು ನಿಂತಿದ್ದೆ. ಚಚಡಿಯಿಂದ ಬಂದ ಒಬ್ಬ ಮುದುಕಪ್ಪ ಒಂದು ಬೊಗಸೆ ಕಾಳನ್ನು ಬಿಸಿಲಿಗೆ ಹಿಡಿದು ನೋಡಿ ತಲೆದೂಗಿದ. "ಬಸಲಿಂಗಪ್ಪ, ಈ ಸಲದ ಬೀಜ ಭಾಳ ಚೊಲೋ ಬಿದ್ದೈತಿ. ನಿನ್ನ ಕಣ್ಣಿಗೆ ದೃಷ್ಟಿ ತಗೀಬೇಕು ನೋಡು."

ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲಿ ಎಂದು ನಾನು ಎಲ್ಲ ದೇವರನ್ನೂ ಬೇಡಿಕೊಂಡೆ. ಮಾವನವರು ತಲೆ ಎತ್ತಿದರು.

"ನನಗ ಎರಡ ವರ್ಷಾತು ಕಣ್ಣ ಸರಿ ಇಲ್ಲ, ಈ ವರ್ಷಂತೂ ಏನೂ ಕಾಣೂದಿಲ್ಲ. ಈ ಬೀಜಕ್ಕ ದಾರಾ ಕಟ್ಟಿದಾಂವ ನನ್ನ ಅಳಿಯಾ, ಈ ಮಾಸ್ತರ. ಒಯ್ಯೋರ ಒಯ್ರಿ, ಬಿಡೋರ ಬಿಡ್ರಿ."

ಬೀಜ ತುಂಬಲು ಚೀಲ ಬಿಚ್ಚಿದ್ದವರು ಮತ್ತೆ ಮಡಚಿದರು. ಮುದುಕಪ್ಪ ನನ್ನ ಹತ್ತಿರ ಬಂದು ರುಮಾಲಿನಿಂದ ಚಪ್ಪಲಿಯ ತನಕ ನನ್ನನ್ನು ನೋಡಿದ.

"ಸಾಲಿ ಮಾಸ್ತರೇನ್ರಿ?"

"ಹೌದ್ರಿ."

"ಬೀಜ ಆರಿಸೂದು ನಿಮಗೇನ ಗೊತ್ತೈತಿ?"

ಬೇರೆ ಹೊತ್ತಿನಲ್ಲಾಗಿದ್ದರೆ ಅರ್ಧ ತಾಸು ಹೇಳುತ್ತಿದ್ದೆ. ಅವತ್ತು ಇದ್ದದ್ದಷ್ಟೇ ಹೇಳಿದೆ. "ನನಗೇನೂ ಗೊತ್ತಿಲ್ಲರಿ ಯಜಮಾನ್ರ. ಹಕ್ಕಿ ಆರಿಸಿದ್ವು. ಮಾವಾರು ಕೈಲೆ ಮುಟ್ಟಿ ಸೋಸಿದ್ರು. ನಾ ಬರೇ ನೋಡಿದೆ" ಎಂದೆ.

ಮುದುಕಪ್ಪ ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡ. ಹಲ್ಲು ಕಡಿಮೆ, ಅಗಿಯುವುದು ಮುಗಿಯಲೇ ಇಲ್ಲ. ಏಳೂರಿನವರು ಅವನ ದವಡೆಯನ್ನೇ ನೋಡುತ್ತಿದ್ದರು. ಮಾವನವರ ಬೆರಳುಗಳು ರಾಶಿಯೊಳಗೆ ಹುದುಗಿ ಹಾಗೇ ನಿಂತಿದ್ದವು. ಕೊನೆಗೆ ಮುದುಕಪ್ಪ ಹೆಗಲ ಮೇಲಿನ ದುಪ್ಪಟಿ ಇಳಿಸಿ, ಕೊಡವಿ, ನನ್ನ ಮುಂದೆ ಹಾಸಿದ.

"ಹಾಕ್ರಿ ಮಾಸ್ತರ. ನೀವ ಅಳದ ಹಾಕ್ರಿ."

ನಾನು ಬಗ್ಗಿ ಸೇರು ತುಂಬಿದೆ. ಗುಡ್ಡೆಯಾಗಿ ತುಂಬಿ ಎತ್ತಿದಾಗ ಸೇರಿನ ಅಂಚಿನಿಂದ ಕಾಳು ಸುತ್ತಲೂ ಚೆಲ್ಲಿದವು. ಬೀಜದ ಕಾಳು! ಗಾಬರಿಯಾಗಿ ಮೊಣಕಾಲೂರಿ ಒಂದೊಂದಾಗಿ ಆರಿಸತೊಡಗಿದೆ. ಚೆಲ್ಲಿದ ಸಪ್ಪಳ ಮಾವನವರಿಗೆ ಕೇಳಿಸಿತ್ತು. ಕೈ ಚಾಚಿ, ತಡವರಿಸಿ, ನನ್ನ ಮುಂಗೈ ಹಿಡಿದು ತಡೆದರು.

"ಚೆಲ್ಲಿದ್ದು ಇರಲಿ ಬಿಡ್ರಿ" ಎಂದರು. "ಹಕ್ಕಿಗೂ ಕೂಲಿ ಬ್ಯಾಡೇನು?"